ಆರತಿ ತಟ್ಟೆಗೆ ಬಿದ್ದ ಎಂಸಿಬಿ

"ಗಟ್ಟಿದ್ದು ಕೊಡ್ರಿ."

ಬೆಳಗಾವಿಯ ಹಿಂದವಾಡಿಯ ಎಲೆಕ್ಟ್ರಿಕ್ ಅಂಗಡಿಗೆ ಎಂಸಿಬಿ ಕೊಳ್ಳಲು ಬಂದವರೆಲ್ಲ ಇದೊಂದೇ ಮಾತು ಆಡುತ್ತಿದ್ದರು, ಎತ್ತಿನ ಹಗ್ಗವನ್ನೋ ಚಪ್ಪಲಿಯನ್ನೋ ಕೇಳುವ ಹಾಗೆ. ಪಿಂಗಾಣಿ ಫ್ಯೂಜುಗಳನ್ನು ಕಿತ್ತು ಬಿಸಾಕಿ ಊರಿಗೆ ಊರೇ ಎಂಸಿಬಿ ಹಾಕಿಸಿಕೊಳ್ಳುತ್ತಿದ್ದ ಕಾಲ ಅದು. ತಂತಿ ತಾಳುವುದಕ್ಕಿಂತ ಹೆಚ್ಚು ಕರೆಂಟು ಹರಿದರೆ ಟಕ್ ಎಂದು ಕೆಳಗೆ ಬಿದ್ದು ಮನೆ ಉಳಿಸುವುದು ಆ ಬಿಳಿ ಪೆಟ್ಟಿಗೆಯ ಕೆಲಸ. ಬೀಳುವುದಕ್ಕೆಂದೇ ಹುಟ್ಟಿದ ವಸ್ತುವನ್ನು ಬೀಳದ ಹಾಗಿರುವುದು ಕೊಡಿ ಎಂದು ಜನ ದುಂಬಾಲು ಬೀಳುತ್ತಿದ್ದರು. ಕೌಂಟರಿನ ಹಿಂದೆ ನಿಂತ ನಾಗಲಿಂಗನಿಗೆ ಇದನ್ನು ಕೇಳಿ ಕೇಳಿ ಮೈಯೆಲ್ಲ ಉರಿಯುತ್ತಿತ್ತು.

"ಕಳ್ಳ ಬಂದ್ರ ಬೊಗಳದಂಥಾ ನಾಯಿ ಬೇಕು ಅಂದಂಗಾತಲ್ರಿ," ಎನ್ನುತ್ತಿದ್ದ. "ಮೊದಲ ಹೇಳ್ರಿ, ಗ್ವಾಡಿ ಒಳಗಿನ ವಾಯರ ಎಷ್ಟ ದಪ್ಪ ಐತಿ? ಅದನ್ನ ನೋಡಿ ಎಂಸಿಬಿ ಆರಿಸಬೇಕ್ರಿ."

ಗಿರಾಕಿಗಳು ಅವನನ್ನು ಮಿಕಮಿಕ ನೋಡಿ, ಮುಂದಿನ ಅಂಗಡಿಗೆ ಹೋಗಿ ಗಟ್ಟಿದ್ದು ಕೊಳ್ಳುತ್ತಿದ್ದರು. ಬುದ್ಧಿ ಹೇಳಿದರೆ ವ್ಯಾಪಾರ ಕೆಡುತ್ತದೆ ಎಂದು ಮಾಲಕರು ಗೊಣಗುತ್ತಿದ್ದರು. ಕೆಟ್ಟರೆ ಕೆಡಲಿ ಎಂದು ನಾಗಲಿಂಗ ಮುಂದಿನ ಗಿರಾಕಿಗೂ ಅದನ್ನೇ ಹೇಳುತ್ತಿದ್ದ. ಐಟಿಐ ಕಲಿತವನು, ಕೈಯಾರೆ ಮನೆಗಳಿಗೆ ವಾಯರು ಎಳೆದವನು; ಈ ಒಂದು ವಿಷಯದಲ್ಲಿ ಅವನು ಯಾರ ಮಾತಿಗೂ ಜಗ್ಗುವವನಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವನಿಗೂ ಹಾಗೇ ಅನ್ನಿಸಿತ್ತು.

ದೀಪಾವಳಿಗೆ ಇನ್ನೂ ಕೆಲವು ದಿನಗಳಿದ್ದವು. ಅಂಗಡಿಯ ಫೋನಿಗೆ ಗುಂಜಿಯ ಎಸ್‌ಟಿಡಿ ಬೂತಿನಿಂದ ಅಕ್ಕ ಭೀಮಕ್ಕನ ಧ್ವನಿ ಬಂತು.

"ತಮ್ಮಾ, ಗಿರಣಿ ಚಾಲೂ ಮಾಡಿದ ಕೂಡ್ಲೇ ಮೊನ್ನೆ ಫ್ಯೂಜ ತಗದು ಹಾಕಿಸಿದ ಎಂಸಿಬಿ ಬೀಳಾಕತ್ತೈತಿ. ಜನಾ ಡಬ್ಬಿ ಹಿಡ್ಕೊಂಡು ಬಾಗಲಾಗ ನಿಂತಾರ. ಒಂದ ಗಟ್ಟಿದ್ದು ತಗೊಂಡು ಬಾರೋ."

ಬೇರೆ ಯಾರಾದರೂ ಆಗಿದ್ದರೆ ನಾಗಲಿಂಗ ನಾಯಿಯ ಮಾತು ಹೇಳಿ ಫೋನಿಡುತ್ತಿದ್ದ. ಇದು ಅಕ್ಕನ ಮಾತು. "ಐತವಾರ ಬರ್ತೀನಿ ತಡಿ," ಎಂದ.

ಈ ಅಕ್ಕ ಇಲ್ಲದಿದ್ದರೆ ನಾಗಲಿಂಗ ಇರುತ್ತಿರಲಿಲ್ಲ. ಅವನು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ತಾಯಿ ತೀರಿಹೋದಳು. ಭೀಮಕ್ಕ ಅವನನ್ನು ಟೊಂಕದ ಮೇಲೆ ಕೂರಿಸಿಕೊಂಡು ಗುಂಜಿಯ ಅಡವಿಯಂಚಿನಲ್ಲಿ ಮಂದಿಯ ಎಮ್ಮೆ ಮೇಯಿಸಿದಳು. ತಾನು ಶಾಲೆಯ ಮೆಟ್ಟಿಲು ಹತ್ತದೆ ಅವನನ್ನು ಬೆಳಗಾವಿಯ ಐಟಿಐವರೆಗೆ ದೂಡಿದಳು. ಅವನ ಕಲಿಕೆ ಮುಗಿಯುವ ತನಕ ಮದುವೆಯ ಮಾತೆತ್ತಿದವರನ್ನು ಬೈದು ಕಳಿಸಿದಳು. ಕಡೆಗೆ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ ಮುತ್ತಪ್ಪನನ್ನು ಕಟ್ಟಿಕೊಂಡಳು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಯಾರಾದರೂ ಲೊಚಗುಟ್ಟಿದರೆ, "ಒಂದ ಐತೆಲ್ಲ ಬೆಳಗಾವ್ಯಾಗ," ಎನ್ನುತ್ತಿದ್ದಳು.

ದೀಪಾವಳಿಯ ಕೊನೆಗೆ ಬರುವ ಭಾವಬೀಜದ ದಿನ ಅವಳು ತಮ್ಮನನ್ನು ಮಣೆಯ ಮೇಲೆ ಕೂರಿಸಿ ಆರತಿ ಬೆಳಗುವಳು. ತಮ್ಮ ಆರತಿ ತಟ್ಟೆಗೆ ಓವಾಳಣಿ ಎಂದು ಏನಾದರೊಂದು ಉಡುಗೊರೆ ಹಾಕಬೇಕು. ಹಾಕಿದ್ದನ್ನು ಭೀಮಕ್ಕ ಮಾತ್ರ ಎಂದೂ ಬಳಸಿದವಳಲ್ಲ. ನಾಗಲಿಂಗ ತನ್ನ ಮೊದಲ ಪಗಾರದಲ್ಲಿ ಕೊಂಡು ಹಾಕಿದ್ದ ಸ್ಟೀಲಿನ ಲೋಟ ಒಂದು ಗುಟುಕು ನೀರು ಕಾಣದೆ ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಆಮೇಲಿನ ಸೀರೆಗಳೆಲ್ಲ ನುಸಿ ಗುಳಿಗೆಯ ಜೊತೆ ಟ್ರಂಕು ಸೇರಿದ್ದವು. "ಅಕ್ಕಾರಿಗೆ ಸೀರಿ ಅಂದ್ರ ಟ್ರಂಕಿಗೆ ಸೀರಿ," ಎಂದು ನಾಗಲಿಂಗನ ಹೆಂಡತಿ ಮಾಯಾ ವರ್ಷವರ್ಷವೂ ನಗುತ್ತಿದ್ದಳು.

ಅಂಥ ಭೀಮಕ್ಕ ತನಗಾಗಿ ಆಸೆಪಟ್ಟು ತಂದದ್ದು ಒಂದೇ ಒಂದು, ಮನೆಯಲ್ಲೇ ಹಿಟ್ಟು ಬೀಸುವ ಸಣ್ಣ ಗಿರಣಿ. ಅದು ಬಂದ ಮೇಲೆ ಎಮ್ಮೆ ಕಾಯುವ ಭೀಮಿ ಹೋಗಿ ಗಿರಣಿ ಭೀಮಕ್ಕ ಆದಳು. ಓಣಿಯ ಹೆಂಗಸರು ಜೋಳದ ಡಬ್ಬಿ ಹಿಡಿದು ಅವಳ ಹೊಸ್ತಿಲಲ್ಲಿ ಕಾಯುವುದನ್ನು ನೋಡುವಾಗ ಅವಳ ಮುಖ ಅರಳುತ್ತಿತ್ತು.

ಐತವಾರ ನಾಗಲಿಂಗ ಪ್ಯಾಸೆಂಜರ್ ಗಾಡಿ ಹಿಡಿದು ಗುಂಜಿಗೆ ಹೋದ. ಪಡಸಾಲೆ ತುಂಬ ಚಕ್ಕಲಿ ಹಿಟ್ಟಿಗೆ ಹುರಿದು ತಂದ ಕಾಳಿನ ಡಬ್ಬಿಗಳು. ಬಾಜೂ ಮನೆಯ ಗೌರವ್ವ ತನ್ನ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಸಾಲಿನ ಮೊದಲಿಗೇ ಕೂತಿದ್ದಳು. ಭೀಮಕ್ಕ ಗಿರಣಿಯ ಗುಂಡಿ ಒತ್ತಿದಳು. ಮೋಟಾರು ಒಮ್ಮೆ ಗುರ್ ಎಂದಿತು, ಬಾಗಿಲ ಪಕ್ಕದ ಬೋರ್ಡಿನಲ್ಲಿ ಎಂಸಿಬಿ ಟಕ್ ಎಂದು ಬಿತ್ತು. ಎತ್ತಿದರೆ ಮತ್ತೆ ಬಿತ್ತು.

ನಾಗಲಿಂಗನಿಗೆ ನೋಡಿದ ಕೂಡಲೇ ತಿಳಿಯಿತು. ಬೋರ್ಡಿನಲ್ಲಿದ್ದುದು ಹತ್ತು ಆಂಪಿಯರಿನ, ಬಿ ಜಾತಿಯ ಸಿಂಗಲ್ ಪೋಲ್ ಎಂಸಿಬಿ. ದೀಪಕ್ಕೆ ಫ್ಯಾನಿಗೆ ಅದು ಸಾಕು. ಮೋಟಾರು ಹಾಗಲ್ಲ, ಶುರುವಾಗುವಾಗ ಒಂದು ಚಣ ಗಬಕ್ಕನೆ ಕರೆಂಟು ಜಗ್ಗಿ ಆಮೇಲೆ ಸಾವಕಾಶ ಆಗುತ್ತದೆ. ಬಿ ಜಾತಿಯದು ಆ ಒಂದು ಎಳೆತಕ್ಕೇ ಹೆದರಿ ಬೀಳುತ್ತದೆ. ಸಿ ಜಾತಿಯದಾದರೆ ತಡೆದುಕೊಳ್ಳುತ್ತದೆ.

"ಅಕ್ಕಾ, ಇಲ್ಲಿ ನೋಡು. ಈ ಅಂಕಿ ಐತೆಲ್ಲ, ಹತ್ತು, ಅದು ವಾಯರಿಂದು. ನಿನ್ನ ಮನಿ ವಾಯರ ಸಣ್ಣದೈತಿ, ಹತ್ತರ ಮ್ಯಾಲ ಹೋಗಾಕ ಬರಂಗಿಲ್ಲ. ಈ ಅಕ್ಷರ ಮೋಟಾರಿಂದು. ಬಿ ತಗದು ಸಿ ಹಾಕಬೇಕು. ಸಿ ಹತ್ತು."

"ಸಾಲಿ ಕಲೀದಾಕಿಗೆ ಅಕ್ಷರ ಹೇಳ್ತಿಯೇನೋ? ಗಟ್ಟಿದ್ದು ತಂದಿಯೋ ಇಲ್ಲೋ ಹೇಳು."

ಸಿ ಹತ್ತು ಅಂಗಡಿಯಲ್ಲಿ ಮುಗಿದಿತ್ತು. ಬೆಳಗಾವಿಯ ಮನೆಗಳಿಗೆ ಅದನ್ನು ಕೇಳುವವರೇ ಕಡಿಮೆ, ಹುಬ್ಬಳ್ಳಿಯಿಂದ ಬರುವುದು ಹಬ್ಬದ ಹೊತ್ತಿಗೆ. ನಾಗಲಿಂಗನ ಚೀಲದಲ್ಲಿದ್ದುದು ಪೀರನವಾಡಿಯ ಒಂದು ಹೊಸ ಬಂಗಲೆಗೆಂದು ಇಟ್ಟುಕೊಂಡಿದ್ದ ಮೂವತ್ತೆರಡು ಆಂಪಿಯರಿನದು. ಅದನ್ನು ಹೊರಗೆ ತೆಗೆಯಬಾರದೆಂದೇ ಅವನು ಚೀಲವನ್ನು ಮಗ್ಗುಲಿಗೆ ಸರಿಸಿದ.

ಗೌರವ್ವ ಡಬ್ಬಿ ಎತ್ತಿಕೊಂಡು ಎದ್ದಳು. "ನಾ ಖಾನಾಪುರಕ್ಕ ಒಯ್ದು ಬೀಸಿಸಿಕೊಂಡ ಬರ್ತೀನವಾ. ತಮ್ಮ ಕರೆಂಟಿನಾಂವ ಇದ್ದೂ ಅಕ್ಕನ ಗಿರಣಿ ಹಿಂಗ ಆದ್ರ ಏನ ಮಾಡೂದು?"

ಭೀಮಕ್ಕ ಸೆರಗಿನಿಂದ ಗಿರಣಿಯ ಮೇಲಿನ ಹಿಟ್ಟು ಒರೆಸತೊಡಗಿದಳು. ಒರೆಸಿದಲ್ಲೇ ಮತ್ತೆ ಒರೆಸಿದಳು. ಅದನ್ನು ನೋಡಿ ನಾಗಲಿಂಗನಿಗೆ ತಡೆಯಲಾಗಲಿಲ್ಲ. ಎಷ್ಟೋ ಮಂದಿಗೆ ಉಪದೇಶ ಮಾಡಿದ ಮನುಷ್ಯ ಚೀಲಕ್ಕೆ ಕೈ ಹಾಕಿ ಮೂವತ್ತೆರಡರದನ್ನು ತೆಗೆದ.

"ಇದು ತಾತ್ಪೂರ್ತಾ, ನಾಕ ದಿನದ ಮಟ್ಟಿಗೆ ಅಷ್ಟ. ಹಬ್ಬಕ್ಕ ಬರೂ ಮುಂದ ಸಿ ಹತ್ತು ತರ್ತೀನಿ. ಅಲ್ಲಿತನಕಾ ಈ ಲೈನಿಗೆ ಗಿರಣಿ ಬಿಟ್ಟು ಬ್ಯಾರೇ ಏನೂ ಹಚ್ಚಬ್ಯಾಡ."

ಗಿರಣಿ ಶುರುವಾಯಿತು. ಬೀಳಲಿಲ್ಲ. ಗೌರವ್ವ ಮತ್ತೆ ಕೂತಳು. ಭೀಮಕ್ಕ ಹಿಟ್ಟು ಮೆತ್ತಿದ ಕೈಯಿಂದಲೇ ತಮ್ಮನ ಗಲ್ಲ ಸವರಿ ಲಟಿಕೆ ಮುರಿದಳು. ವಾಪಸ್ಸು ಗಾಡಿಯಲ್ಲಿ ನಾಗಲಿಂಗನಿಗೆ ಸಂತೋಷವೂ ಆಗುತ್ತಿತ್ತು, ಆ ಮೂವತ್ತೆರಡರ ಚಿಂತೆಯೂ ಕಾಡುತ್ತಿತ್ತು.

ಭಾವಬೀಜದ ದಿನ ಅವನು ಸೀರೆಯನ್ನೂ ಒಯ್ದ, ಸಿ ಹತ್ತನ್ನೂ ಒಯ್ದ. ಮನೆಗೆ ಕಾಲಿಟ್ಟವನ ಕಣ್ಣು ಮೊದಲು ಹೋದದ್ದು ಬೋರ್ಡಿನ ಕಡೆ. ಗಿರಣಿಯ ಪ್ಲಗ್ಗಿನ ಮಗ್ಗುಲಲ್ಲೇ ನೀರು ಕಾಯಿಸುವ ಕಾಯಿಲಿನ ಪ್ಲಗ್ಗು ಕೂತಿತ್ತು. ಅಲ್ಲಿಂದಲೇ ಒಂದು ತೆಳ್ಳನೆಯ ವಾಯರು ಕಿಟಕಿ ದಾಟಿ ಗೌರವ್ವನ ಮನೆಯ ಆಕಾಶಬುಟ್ಟಿಗೆ ಹೋಗಿತ್ತು.

"ಅಕ್ಕಾ, ಬ್ಯಾರೇ ಏನೂ ಹಚ್ಚಬ್ಯಾಡ ಅಂದಿದ್ನೆಲ್ಲ?"

"ಏನ ಹಚ್ಚಿದ್ರೂ ಬೀಳಂಗಿಲ್ಲೋ ಅದು. ಭಾಳ ಗಟ್ಟಿ ಐತಿ," ಎಂದಳು ಭೀಮಕ್ಕ, ತಮ್ಮನ ಬುದ್ಧಿವಂತಿಕೆಯನ್ನೇ ಹೊಗಳುವವಳಂತೆ.

ನಾಗಲಿಂಗ ಹೊಸ ಎಂಸಿಬಿಯನ್ನು ತೆಗೆದು ತೋರಿಸಿದ. ಭೀಮಕ್ಕನಿಗೆ ಅಕ್ಷರ ಬಾರದಿದ್ದರೂ ಅಂಕಿ ಗೊತ್ತು, ರೈಲು ಬಸ್ಸುಗಳು ಕಲಿಸಿದ್ದವು. ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು.

"ಮೂವತ್ತೆರಡು ಕೊಟ್ಟಾಂವ ಈಗ ಹತ್ತ ತಂದಿಯಲ್ಲೋ? ಇದು ಮತ್ತ ಬೀಳೂದ ಅಲ್ಲೇನು?"

"ಇದು ಸಿ. ಗಿರಣಿಗೆ ಬೀಳಂಗಿಲ್ಲ. ಖರೇನ ಅಪಾಯ ಇದ್ದಾಗ ಅಷ್ಟ ಬೀಳ್ತೈತಿ."

"ಬ್ಯಾಡಪಾ. ಚಲೋ ನಡಿಯೂದನ್ನ ಯಾಕ ಕೆಡಸ್ತಿ? ಹೊರಗ ಮಂದಿ ನಿಂತಾಗ ಅದು ಬಿದ್ರ ನನಗ ಹೆಂಗ ಆಗ್ತೈತಿ ಅಂತ ನಿನಗೇನ ಗೊತ್ತು? ನೆಲಾ ಬಾಯಿ ಬಿಟ್ಟರ ಒಳಗ ಹೋಗೂಣು ಅನಸ್ತೈತಿ."

ಅವನು ಪರಿಪರಿಯಾಗಿ ಹೇಳಿದ. ವಾಯರು ಮರದ ಪಟ್ಟಿಯೊಳಗೆ ಅಟ್ಟದ ಕೆಳಗೇ ಹಾದುಹೋಗಿರುವುದನ್ನು, ಅಟ್ಟದ ಮೇಲೆ ಭತ್ತದ ಹುಲ್ಲು ಒಟ್ಟಿರುವುದನ್ನು ತೋರಿಸಿದ. ವಾಯರು ಒಳಗೊಳಗೇ ಕಾದರೆ ಯಾರಿಗೂ ತಿಳಿಯುವುದಿಲ್ಲ ಎಂದ. ಭೀಮಕ್ಕ ಕೇಳಿಸಿಕೊಳ್ಳುತ್ತಲೇ ಶಂಕರಪಾಳಿ ತಂದಿಟ್ಟಳು, ಮಣೆ ಹಾಕಿದಳು, ದೀಪಕ್ಕೆ ಎಣ್ಣೆ ಬಿಟ್ಟಳು. ಅವಳ ಮಟ್ಟಿಗೆ ಆ ಮಾತು ಮುಗಿದಿತ್ತು.

ಮಣೆಯ ಮೇಲೆ ಕೂತ ನಾಗಲಿಂಗನಿಗೆ ಆಗ ಒಂದು ಉಪಾಯ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು. ಅಕ್ಕ ಆರತಿ ಬೆಳಗಿ ತಟ್ಟೆಯನ್ನು ಮುಂದೆ ಹಿಡಿದಾಗ ಅವನು ಸೀರೆಯನ್ನು ಚೀಲದಲ್ಲೇ ಬಿಟ್ಟು, ಸಿ ಹತ್ತನ್ನು ತಟ್ಟೆಗೆ ಹಾಕಿದ.

"ಇದ ನನ್ನ ಓವಾಳಣಿ. ಈಗ ಒಲ್ಲೆ ಅನ್ನು, ನೋಡೂಣು."

ಭೀಮಕ್ಕ ತಟ್ಟೆಯಲ್ಲಿ ಅಕ್ಷತೆಯ ನಡುವೆ ಕೂತ ಆ ಬಿಳಿ ಪೆಟ್ಟಿಗೆಯನ್ನು ನೋಡಿದಳು. ಸಿಟ್ಟಾಗಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. "ಭಾಳ ಶಾಣ್ಯಾ ಅದಿ. ಆರತಿ ತಟ್ಟಿಗೆ ಬಿದ್ದಿದ್ದಕ್ಕ ಒಲ್ಲೆ ಅನ್ನಾಕ ಬರ್ತೈತೇನು?" ಎಂದು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

ಗೆದ್ದೆ ಎಂದುಕೊಂಡು ನಾಗಲಿಂಗ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಅಕ್ಕ ತಡೆದಳು.

"ಇವತ್ತ ಬ್ಯಾಡ. ಹಬ್ಬದ ದಿನಾ ಮನ್ಯಾಗಿನ ದೀಪ ಶಾಂತ ಮಾಡಬಾರದು. ಊರಾಗ ಭರಮಣ್ಣ ಅದಾನ, ಕರೆಂಟಿನ ಕೆಲಸಾ ಮಾಡ್ತಾನ. ನೀ ಊಟಾ ಮಾಡು, ಗಾಡಿ ತಪ್ಪೀತು."

"ನಾಳಿಗೇ ಹಚ್ಚಬೇಕ ಮತ್ತ."

"ಹಚ್ಚತೀನಿ ಹೋಗೋ ಮಾರಾಯಾ. ನೀ ಕೊಟ್ಟಿದ್ದನ್ನ ಹಚ್ಚದ ಬಿಟ್ಟೇನೇನು?"

ಆಮೇಲೆ ಅವನು ಫೋನು ಬಂದಾಗಲೆಲ್ಲ ಕೇಳಿದ. "ಅಕ್ಕಾ, ಅದನ್ನ ಹಚ್ಚಿಯೇನು?" "ಹಚ್ಚೇನಿ." "ಗಿರಣಿ?" "ಒಮ್ಮಿನೂ ಬಿದ್ದಿಲ್ಲ." ನಾಗಲಿಂಗನ ಚಿಂತೆ ಕಳೆಯಿತು. ಕೌಂಟರಿನಲ್ಲಿ ಮತ್ತೆ ಅವನ ಧ್ವನಿ ಏರಿತು. "ನಮ್ಮ ಅಕ್ಕನ ಮನ್ಯಾಗ ಸಿ ಹತ್ತ ಹಾಕೇನ್ರಿ, ಗಿರಣಿ ಹೆಂಗ ನಡದೈತಿ ಹೋಗಿ ನೋಡಿ ಬರ್ರಿ," ಎಂದು ಗಿರಾಕಿಗಳಿಗೆ ಹೇಳತೊಡಗಿದ. ಎರಡು ತಿಂಗಳು ಅವನು ಅಷ್ಟು ನೆಮ್ಮದಿಯಿಂದಿದ್ದ.

ಸಂಕ್ರಾಂತಿ ಸಮೀಪಿಸಿತು. ಭೋಗಿಯ ರೊಟ್ಟಿಗೆಂದು ಊರವರೆಲ್ಲ ಸಜ್ಜೆಯ ಡಬ್ಬಿ ತಂದು ಭೀಮಕ್ಕನ ಪಡಸಾಲೆಯಲ್ಲಿ ಇಟ್ಟು ಹೋಗಿದ್ದರು. ಮಧ್ಯಾಹ್ನ ಗದ್ದೆಗಳ ಪಂಪುಸೆಟ್ಟುಗಳು ಶುರುವಾಗಿ ಊರಿನ ವೋಲ್ಟೇಜು ಕುಸಿದಿತ್ತು. ಭೀಮಕ್ಕ ಗುಂಡಿ ಒತ್ತಿದಳು. ಮೋಟಾರು ತಿರುಗಲಿಲ್ಲ, ನಿಂತಲ್ಲೇ ಗುಂಯ್ ಎನ್ನತೊಡಗಿತು. ಹಿಂದೆಯೂ ಹೀಗಾಗಿ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ತಿರುಗಿದ್ದಿತ್ತು. ಅದು ತಿರುಗುವಷ್ಟರಲ್ಲಿ ಜರಡಿ ತರೋಣವೆಂದು ಅವಳು ಗೌರವ್ವನ ಮನೆಗೆ ಹೋದಳು. ತಿರುಗಲಾರದ ಮೋಟಾರು ಒಂದೇ ಸಮನೆ ಕರೆಂಟು ಜಗ್ಗುತ್ತಿತ್ತು, ಅಟ್ಟದ ಕೆಳಗಿನ ತೆಳ್ಳನೆಯ ವಾಯರು ಕೆಂಪಗೆ ಕಾಯುತ್ತಿತ್ತು. ಬೀಳಬೇಕಾದದ್ದು ಬೀಳಲಿಲ್ಲ.

ಅಂಗಡಿಗೆ ಫೋನು ಬಂದಾಗ ನಾಗಲಿಂಗನಿಗೆ ಕೇಳಿಸಿದ್ದು ಬೆಂಕಿ, ಭೀಮಕ್ಕ, ಜೀಪು, ಬೆಳಗಾವಿ ದವಾಖಾನೆ ಎಂಬ ಮಾತುಗಳು ಮಾತ್ರ. ಅವನು ಚಪ್ಪಲಿಯಿಲ್ಲದೆ ಓಡಿದ. ಸಿ ಹತ್ತು ಇರುವ ಮನೆಗೆ ಬೆಂಕಿ ಹೇಗೆ ಬಿತ್ತು ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಒಲೆಯದಿರಬಹುದು, ಹಣತೆಯದಿರಬಹುದು ಎಂದು ತನಗೆ ತಾನೇ ಹೇಳಿಕೊಂಡ. ಹಾಗೇ ಆಗಿರಲಿ ಎಂದು ದೇವರನ್ನು ಬೇಡಿಕೊಂಡ.

ಸುಟ್ಟವರ ವಾರ್ಡಿನ ಬಾಗಿಲಲ್ಲಿ ಮುತ್ತಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಗ್ಯಾಂಗಿನ ಅಂಗಿಯ ತುಂಬ ಮಸಿ. ಹಳಿಯ ಮೇಲೆ ಕೆಲಸದಲ್ಲಿದ್ದವನು ಊರ ಕಡೆ ಹೊಗೆ ಕಂಡು ಓಡಿಬಂದಿದ್ದ.

"ಹೊರಗ ಇದ್ದಳೋ ಅಕಿ," ಎಂದ ಮುತ್ತಪ್ಪ. "ಗೌರವ್ವನ ಮನ್ಯಾಗ ಇದ್ದಳು. ಏನೂ ಆಗಿರಲಿಲ್ಲ ಅಕಿಗೆ. ಹುಲ್ಲ ಹತಗೊಂಡ ಉರಿಯೂದ ನೋಡಿ ಒಳಗ ಹೋಗ್ಯಾಳ. ನಾಕ ಮಂದಿ ಹಿಡದ್ರೂ ಬಿಡಿಸಿಕೊಂಡ ಹೋಗ್ಯಾಳ. ನನ್ನ ತಮ್ಮನ ಓವಾಳಣಿ ಜಗಲಿ ಮ್ಯಾಲ ಐತಿ ಅಂತ."

ನಾಗಲಿಂಗ ಮುತ್ತಪ್ಪ ಮಾವನ ಎದುರಿಗೆ ಕೂತ.

"ಯಾವ ಓವಾಳಣಿ, ಮಾವಾ?"

ಮುತ್ತಪ್ಪ ಬಿಗಿಹಿಡಿದಿದ್ದ ಮುಷ್ಟಿ ಬಿಚ್ಚಿದ. ಒಳಗೆ ಎಂಸಿಬಿ ಇತ್ತು. ಒಂದು ಸ್ಕ್ರೂ ಕೂಡ ಸಡಿಲಾಗದ, ಒಂದು ವಾಯರೂ ಒಳಹೊಕ್ಕದ ಹೊಸ ಎಂಸಿಬಿ. ದಿನವೂ ಹಚ್ಚಿದ ಕುಂಕುಮ ಒಂದರ ಮೇಲೊಂದು ಕೂತು ಹೆಪ್ಪುಗಟ್ಟಿ, ಸಿ ಹತ್ತು ಎಂಬ ಬರಹವೇ ಮುಚ್ಚಿಹೋಗಿತ್ತು.

ಒಳಗೆ ಭೀಮಕ್ಕನನ್ನು ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ಮುಖಕ್ಕೆ ಅಷ್ಟಾಗಿ ತಾಗಿರಲಿಲ್ಲ. ತಮ್ಮನನ್ನು ಕಂಡು ಅವಳ ಕಣ್ಣುಗಳು ಅರಳಿದವು. ಅವನು ಬಂದದ್ದಕ್ಕೆ, ಅವನು ಬಂದೇ ಬರುವನೆಂದು ತನಗೆ ಗೊತ್ತಿದ್ದುದಕ್ಕೆ.

"ನಾಗ್ಯಾ, ನಿಂದು ಸುಟ್ಟಿಲ್ಲೋ," ಎಂದಳು. "ನಿಮ್ಮ ಮಾವನ ಕೈಯಾಗ ಕೊಟ್ಟೇನಿ. ನೋಡಿದಿ?"

"ನೋಡಿದೆ ಅಕ್ಕಾ."

"ದಿನಾ ಹಚ್ಚತಿದ್ನಿ ಕುಂಕುಮಾ. ನಾ ಫೋನ್ ಮಾಡಿದಾಗೆಲ್ಲಾ ನೀ ಕೇಳ್ತಿದ್ದೆಲ್ಲ, ಹಚ್ಚಿಯೇನು ಹಚ್ಚಿಯೇನು ಅಂತ. ಒಂದ ದಿನಾನೂ ಬಿಟ್ಟಿಲ್ಲ."

ನಾಗಲಿಂಗ ಕೇಳಿದ್ದು ಗೋಡೆಗೆ ಹಚ್ಚುವುದನ್ನು, ಅವಳು ಹೇಳಿದ್ದು ಕುಂಕುಮ ಹಚ್ಚುವುದನ್ನು. ಹುಟ್ಟಿದಾಗಿನಿಂದ ಇಬ್ಬರೂ ಆಡಿಕೊಂಡು ಬಂದ ಅದೇ ಮಾತು. ಆ ಲೋಟ, ಆ ಟ್ರಂಕು, ಮಾಯಾಳ ನಗೆ, ಎಲ್ಲ ಗೊತ್ತಿದ್ದವನು ತಾನು. ಗೊತ್ತಿದ್ದೂ ಅದನ್ನು ಆರತಿ ತಟ್ಟೆಗೆ ಹಾಕಿದೆನಲ್ಲ ಎಂದುಕೊಂಡ. ಕೈಯಲ್ಲಿ ಕೊಟ್ಟು ಜಗಳ ಮಾಡಿದ್ದರೆ ಅವಳು ಬೈದುಕೊಂಡಾದರೂ ಗೋಡೆಗೆ ಹಾಕಿಸುತ್ತಿದ್ದಳೇನೋ. ಪೂಜೆಗಿಟ್ಟುಕೊಳ್ಳುವಂತೆ ಮಾಡಿದವನು ಅವನೇ.

"ಚಲೋ ಮಾಡಿದ್ನೆಲ್ಲೋ?" ಎಂದು ಅಕ್ಕ ಕೇಳಿದಳು.

ಅವನು ಅವಳ ಹಣೆಯ ಮೇಲಿನ ಕೂದಲು ಸರಿಸಿದ. ಅಲ್ಲೊಂದು ಕಡೆ ಮಾತ್ರ ಮುಟ್ಟಬಹುದಿತ್ತು.

"ಚಲೋ ಮಾಡಿದಿ ಅಕ್ಕಾ."

ಮರುದಿನ ಸಂಜೆಯೊಳಗೆ ಭೀಮಕ್ಕ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ನಾಗಲಿಂಗ ಒಬ್ಬನೇ ಸುಟ್ಟ ಮನೆಯೊಳಗೆ ಹೋದ. ಅಟ್ಟ ಕುಸಿದು ಹಂಚು ನೆಲದ ತುಂಬ ಚೂರಾಗಿತ್ತು. ಗಿರಣಿ ಕಪ್ಪಾಗಿ ಓರೆಯಾಗಿ ನಿಂತಿತ್ತು, ಸುತ್ತಲೂ ಊರವರ ಡಬ್ಬಿಗಳು ಸುಟ್ಟ ಸಜ್ಜೆ ತುಂಬಿಕೊಂಡು ಬಿದ್ದಿದ್ದವು. ಬಾಗಿಲ ಪಕ್ಕದ ಮಣ್ಣಿನ ಗೋಡೆಗೆ ಬೆಂಕಿ ಬಂದಿರಲಿಲ್ಲ. ಅಲ್ಲಿ ಬೋರ್ಡು ಹಾಗೆಯೇ ಇತ್ತು. ಅದರಲ್ಲಿ ಅವನೇ ಕೈಯಾರೆ ಕೂರಿಸಿದ ಮೂವತ್ತೆರಡರ ಎಂಸಿಬಿ ಇತ್ತು, ಹಿಡಿಕೆ ಮೇಲೆಯೇ ಇತ್ತು. ಮನೆ ಉರಿದುಹೋಗುವ ತನಕ ಅದು ಒಮ್ಮೆಯೂ ಬಿದ್ದಿರಲಿಲ್ಲ.

ಕಂಬದ ಮೇಲಿನ ಲೈನನ್ನು ಆಗಲೇ ಕಡಿದಿದ್ದರು. ಇನ್ನು ಅದರಲ್ಲಿ ಏನೂ ಹರಿಯುವಂತಿರಲಿಲ್ಲ. ಆದರೂ ನಾಗಲಿಂಗ ಕೈ ಚಾಚಿ ಹಿಡಿಕೆಯ ಮೇಲೆ ಬೆರಳಿಟ್ಟು ಒತ್ತಿದ. ಅಷ್ಟಕ್ಕೇ ಅದು ಟಕ್ ಎಂದು ಬಿತ್ತು.